ಅಂಕಿತವಿಲ್ಲದ ಹಾಡುಗಳು

ಶಾಂತಾಳ ಕ್ಯಾಸೆಟ್ಟು ಚನ್ನಗಿರಿಗೆ ಬಂದದ್ದು ಹೊನ್ನಾಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣವಾಗಿ. ವಿರೂಪಾಕ್ಷಪ್ಪ ತಮ್ಮ ಪಾತ್ರೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ತಂದು, ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಮೊರದ ಮೇಲೇ ಇಟ್ಟರು.

"ತಗಾ ಮಂಗಳಾ, ನಿನ್ನ ಮಗಳು ಡಬ್ಬಿಯೊಳಗೆ ಕೂತ್ಕೊಂಡು ತವರಿಗೆ ಬಂದವಳೆ."

ಸರ್ವಮಂಗಳಮ್ಮ ಕೈ ಒರೆಸಿಕೊಂಡು ಬಿಚ್ಚಿದಳು. ಮೇಲಿನ ಕಾಗದದಲ್ಲಿ ನೀಲಿ ಬಣ್ಣದಲ್ಲಿ ಒಂದು ಕಿಟಕಿಯ ಚಿತ್ರ. 'ಒಳಮನೆ' ಎಂದು ಹೆಸರು. ಅದರ ಕೆಳಗೆ, ರಚನೆ, ಗಾಯನ, ಪಿಯಾನೋ: ಶಾಂತಾದೇವಿ. ಮಗಳ ಹೆಸರನ್ನು ಅಚ್ಚಿನಲ್ಲಿ ಆಕೆ ಇದಕ್ಕೂ ಮೊದಲು ನೋಡಿದ್ದು ಲಗ್ನಪತ್ರಿಕೆಯಲ್ಲಿ ಮಾತ್ರ. ಎರಡು ವರ್ಷದ ಹಿಂದಿನ ಮಾತು ಅದು.

ಪಿಯಾನೋ ಶಾಂತಾ ಕಲಿತದ್ದು ಶಿವಮೊಗ್ಗದಲ್ಲಿ. ಅಲ್ಲಿ ಮೇಷ್ಟರ ಟ್ರೈನಿಂಗ್ ಮಾಡುವಾಗ ಕ್ರೈಸ್ತ ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದಳು. ಪ್ರಾರ್ಥನೆ ಕೋಣೆಯಲ್ಲಿದ್ದ ಹಳೇ ಪಿಯಾನೋದ ಮೇಲೆ ವಾರ್ಡನ್ ಸಿಸ್ಟರ್ ಕಲಿಸಿದ್ದರಂತೆ. ಈಗ ನ್ಯಾಮತಿಯಲ್ಲಿ ಗಂಡನ ಮನೆ, ಅಲ್ಲಿಯೇ ಸರ್ಕಾರಿ ಶಾಲೆಯಲ್ಲಿ ಕೆಲಸ. ಬೇಸಿಗೆ ರಜೆಯಲ್ಲಿ ಒಂದು ವಾರ ಅದೇ ಹಾಸ್ಟೆಲಿಗೆ ಹೋಗಿ, ಗೋಣೆಪ್ಪನೆಂಬ ರೇಡಿಯೋ ಅಂಗಡಿಯವನ ಕೈಲಿ ಹಾಡು ಹಿಡಿಸಿದ್ದೇನೆ ಎಂದು ಕಾಗದ ಬರೆದಿದ್ದಳು. ಹಾಡು ಎಂದರೆ ವಚನವೇ ಇರಬೇಕು ಎಂದು ತಾಯಿ ತಿಳಿದಿದ್ದಳು.

ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಮೊದಲು ಬರೀ ಸುಯ್ ಎನ್ನುವ ಸದ್ದು. ಆಮೇಲೆ ಒಂದೊಂದೇ ಸ್ವರ, ಖಾಲಿ ಹಂಡೆಗೆ ನಲ್ಲಿ ನೀರು ತೊಟ್ಟಿಕ್ಕಿದ ಹಾಗೆ. ತಬಲಾ ಇಲ್ಲ, ತಾಳ ಇಲ್ಲ. ಅದರ ನಡುವೆ ಶಾಂತಾಳ ದನಿ. ಎದುರಿಗೆ ಯಾರೋ ಕೂತಿದ್ದಾರೆ, ಅವರಿಗೆ ಹೇಳುತ್ತಿದ್ದಾಳೆ ಅನ್ನುವಷ್ಟು ಮೆಲ್ಲಗೆ.

ನೀನು ಹಾಕಿದ ಬಾಗಿಲ ತಿರುಗಣಿಗೆ
ದಿನವೂ ಎಣ್ಣೆ ಬಿಡುತ್ತೇನೆ,
ತೆಗೆದ ದಿನ ಸದ್ದಾಗದಿರಲಿ ಎಂದು.

ವಿರೂಪಾಕ್ಷಪ್ಪ ಎರಡು ಹಾಡು ಕೇಳಿ, "ಭೇಷ್ ಐತೆ, ಆದ್ರೆ ನಿದ್ದೆ ಬರ್ತೈತೆ" ಎಂದು ಅಂಗಡಿಗೆ ಹೋದರು. ಸರ್ವಮಂಗಳಮ್ಮ ಎಂಟನ್ನೂ ಕೇಳಿದಳು. ಮುಗಿದಾಗ ಮೊರದ ಅಕ್ಕಿ ಹಾಗೇ ಇತ್ತು.

ಮಧ್ಯಾಹ್ನ ಪಕ್ಕದ ಮನೆಯ ಕೆಂಪಕ್ಕ ಬಂದಳು. ಇಬ್ಬರೂ ಮಠದ ಅಕ್ಕನ ಬಳಗದವರು. ಪ್ರತಿ ಸೋಮವಾರ ಸಂಜೆ ಹತ್ತು ಹನ್ನೆರಡು ಹೆಂಗಸರು ಕೂಡಿ ವಚನ ಹಾಡುವುದು ಅವರ ಪದ್ಧತಿ. ಕೆಂಪಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೂರು ಹಾಡು ಕೇಳಿದಳು.

"ದನಿ ಚಂದ ಐತೆ ಕಣಕ್ಕ. ಆದ್ರೆ ಅಂಕಿತ ಎಲ್ಲಿ?"

ಸರ್ವಮಂಗಳಮ್ಮನಿಗೂ ಬೆಳಗಿನಿಂದ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಯಾವುದೆಂದು ಈಗ ತಿಳಿಯಿತು. ಅವರು ಹಾಡುವ ಪ್ರತಿ ವಚನದ ಕೊನೆಗೂ ದೇವರ ಹೆಸರೊಂದು ಬರುತ್ತದೆ. ಅದೇ ಅಂಕಿತ. ಅಲ್ಲಿಯವರೆಗೆ ಸಿಟ್ಟು ಮಾಡಿರಲಿ, ಅತ್ತಿರಲಿ, ಬೈದಿರಲಿ, ಕೊನೆಗೆ ಆ ಹೆಸರು ಬಂದ ಕೂಡಲೇ ಎಲ್ಲವೂ ಆ ದೇವರಿಗೆ ಸಲ್ಲುತ್ತದೆ. ಶಾಂತಾಳ ಹಾಡುಗಳು ನೀನು, ನೀನು ಎಂದು ಕರೆದು, ಯಾರ ಹೆಸರನ್ನೂ ಹೇಳದೆ ಸುಮ್ಮನಾಗುತ್ತಿದ್ದವು.

"ಈಗಿನ ಹುಡುಗ್ರು, ಮರ್ತಿರ್ತಾರೆ ಬಿಡು."

"ಎಂಟು ಹಾಡಿಗೂ ಮರೀತಾರಾ? ದೇವ್ರಿಗೆ ಅಲ್ಲ ಅಂದ್ಮೇಲೆ ಮನುಷ್ಯರಿಗೇ ಅಂತ ಆತಲ್ಲ" ಎಂದಳು ಕೆಂಪಕ್ಕ. ಅವಳಿಗೆ ಕೆಟ್ಟ ಮನಸ್ಸಿರಲಿಲ್ಲ. ಲೆಕ್ಕ ತಪ್ಪಿದ ಹೊಲಿಗೆಯನ್ನು ತೋರಿಸಿದ ಹಾಗೆ ತೋರಿಸಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದಳು.

ಅಂದಿನಿಂದ ಸರ್ವಮಂಗಳಮ್ಮನ ಕೆಲಸವೆಲ್ಲ ಕ್ಯಾಸೆಟ್ಟಿನ ಸುತ್ತಲೇ ನಡೆಯಿತು. ಬೇಳೆ ಬೇಯಲು ಇಟ್ಟು ಒಂದು ಹಾಡು, ಬಟ್ಟೆ ಹಿಂಡಿ ಹಾಕಿ ಬಂದು ಇನ್ನೊಂದು. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಕೇಳಿ, ಹಳೇ ಕ್ಯಾಲೆಂಡರಿನ ಹಿಂದೆ ಪದಗಳನ್ನು ಬರೆದುಕೊಂಡಳು. ಒಮ್ಮೆ ರೀಲು ಸಿಕ್ಕಿಕೊಂಡು ಹೊರಗೆ ಬಂತು. ಪೆನ್ಸಿಲು ತೂರಿಸಿ ಸುತ್ತುತ್ತಾ, ಮಗು ಹಟ ಮಾಡಿದಾಗ ಜಡೆಯ ಸಿಕ್ಕು ಬಿಡಿಸುತ್ತಿದ್ದ ಹಾಗೆಯೇ ಉಸಿರು ಬಿಗಿ ಹಿಡಿದಿದ್ದಳು.

ಅನ್ನ ಬೆಂದಿತ್ತು, ಎಲೆ ಹಾಕಿತ್ತು,
ನಿನ್ನ ಮಾತೊಂದು ಬಡಿಸದೇ ಉಳಿಯಿತು.

ಯಾರು ಮಾತು ಬಿಟ್ಟವರು? ಅಳಿಯ ಮಹೇಶ್ವರನೇ? ಸೊಸೈಟಿಯಲ್ಲಿ ಗುಮಾಸ್ತ, ನೋಡಿದವರಿಗೆಲ್ಲ ನಗುವ ಮನುಷ್ಯ. ಹೊರಗೆ ಅಷ್ಟು ನಗುವವರು ಮನೆಗೆ ಬಂದರೆ ಹೇಗಿರುತ್ತಾರೋ ಯಾರು ಕಂಡವರು. ಬಾಗಿಲು ಹಾಕಿದವರು ಯಾರು? ಬೀಗತಿ ಕಸ್ತೂರಮ್ಮನೇ? ಇದು ಒಂದು ದಿಕ್ಕು. ಇನ್ನೊಂದು ದಿಕ್ಕಿಗೆ ಮನಸ್ಸು ಹೊರಟಾಗ ಆಕೆ ಎದ್ದು ಹೋಗಿ ನೀರು ಕುಡಿಯುತ್ತಿದ್ದಳು. ಹಾಸ್ಟೆಲು, ಒಂದು ವಾರ, ಗಂಡ ಜೊತೆಗಿಲ್ಲ. ಅಲ್ಲಿ ಆ ಗೋಣೆಪ್ಪ. 'ನೀನು' ಅವನಾಗಿದ್ದರೆ? ಅಳಿಯನಿಗೆ ಈ ಯೋಚನೆ ಇನ್ನೂ ಬಂದಿಲ್ಲದಿದ್ದರೆ, ಯಾವತ್ತು ಬರುತ್ತದೆ? ಬಂದ ದಿನ ಶಾಂತಾಳ ಗತಿಯೇನು?

ಆಷಾಢ ಕಳೆಯುತ್ತಿತ್ತು. ಪಂಚಮಿಗೆ ಮಗಳನ್ನು ಕರೆಯಲು ಹೋಗುವುದು ಇದ್ದೇ ಇತ್ತು. ಈ ಸಲ ತಾನೇ ಹೋಗುತ್ತೇನೆಂದಳು.

"ನಾನು ಹೋಗಿ ಬರ್ತಿದ್ನಲ್ಲ. ನಿಂಗೆ ಬಸ್ಸಿನಾಗೆ ವಾಂತಿ ಬರ್ತೈತೆ" ಎಂದರು ವಿರೂಪಾಕ್ಷಪ್ಪ.

"ಬಂದ್ರೆ ಬರ್ಲಿ."

ತಂಬಿಟ್ಟು, ಎಳ್ಳುಂಡೆ, ಒಂದು ಡಬ್ಬಿ ಹುರಿದ ಜೋಳದ ಅಳ್ಳು ಕಟ್ಟಿಕೊಂಡು ಹೊರಟಳು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಎರಡನೇ ಬಸ್ಸಿನಲ್ಲಿ ಸೂರಗೊಂಡನಕೊಪ್ಪಕ್ಕೆ ಹೊರಟ ಲಂಬಾಣಿ ಹೆಂಗಸರು ದಾರಿಯುದ್ದಕ್ಕೂ ಹಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಕೊನೆಗೊಮ್ಮೆ ಅವರ ಗುರುವಿನ ಹೆಸರು ಬರುತ್ತಿತ್ತು, ಎಲ್ಲರೂ ಕೈ ಮುಗಿಯುತ್ತಿದ್ದರು. ನೋಡು, ಇವರ ಹಾಡಿಗೂ ಒಡೆಯನಿದ್ದಾನೆ ಎಂದುಕೊಂಡಳು ಸರ್ವಮಂಗಳಮ್ಮ.

ನ್ಯಾಮತಿಯಲ್ಲಿ ಮನೆಯ ಬಾಗಿಲು ತೆರೆದೇ ಇತ್ತು. ಅದನ್ನೂ ಆಕೆ ಗಮನಿಸಿದಳು. ಒಳಗಿನಿಂದ ಶಾಂತಾಳದೇ ದನಿ, ಆದರೆ ಟೇಪಿನೊಳಗಿನದು. ಮಹೇಶ್ವರ ಸೊಸೈಟಿಯ ಇಬ್ಬರನ್ನು ಕೂರಿಸಿಕೊಂಡು ಕೇಳಿಸುತ್ತಿದ್ದ.

"ಬರ್ರಿ ಅತ್ತೆ! ಸರಿಯಾದ ಹೊತ್ತಿಗೆ ಬಂದ್ರಿ. ಇದು ಐದನೇ ಹಾಡು, ಇದ್ರಾಗೆ ಪಿಯಾನೋ ಮಳೆ ಬಂದಂಗೆ ಬರ್ತೈತೆ, ಕೇಳ್ರಿ!"

"ಎಷ್ಟು ಸಲ ಹಾಕ್ತಿಯೋ ಮಾರಾಯಾ" ಎಂದು ಅಡುಗೆಮನೆಯಿಂದ ಕಸ್ತೂರಮ್ಮ ಕೂಗಿದರು. ಜಗಳೂರಿನ ಕಡೆಯವರು ಅವರು, ದೊಡ್ಡ ಬಾಯಿ. "ಬರ್ರಿ ಬೀಗರೇ. ನಿಮ್ಮ ಮಗಳು ಹಾಡಿದ್ದು ಒಂದು ವಾರ, ನಾವು ಕೇಳಾಕೆ ಶುರು ಮಾಡಿ ಒಂದು ತಿಂಗ್ಳಾತು. ನಾನು ರೊಟ್ಟಿ ಬಡಿಯೋದೂ ಈಗ ಅದೇ ತಾಳಕ್ಕೆ ಬಂದೈತೆ ನೋಡ್ರಿ."

ಶಾಂತಾ ಶಾಲೆಯಿಂದ ಬಂದು ತಾಯಿಯನ್ನು ನೋಡಿ ನಕ್ಕಳು. ಕೆನ್ನೆ ತುಂಬಿಕೊಂಡಿತ್ತು. ಆದರೆ ಮುಂಗೈ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ.

"ಇದೇನೇ?"

"ತವೆ ತಾಗಿದ್ದು."

ಮರುದಿನ ಭಾನುವಾರ. ಎಣ್ಣೆ ಹಚ್ಚಿ ನೀರು ಹಾಕುತ್ತೇನೆ ಎಂದು ಬಲವಂತ ಮಾಡಿ ಮಗಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಬೆನ್ನು, ತೋಳು, ಕುತ್ತಿಗೆಯ ಹಿಂದೆ, ಎಲ್ಲಾ ಕಡೆ ಕೈಯಾಡಿಸಿದಳು. ಎಲ್ಲೂ ಏನೂ ಇರಲಿಲ್ಲ.

"ಅಮ್ಮಾ, ಸಂತೆಯಾಗೆ ಎಮ್ಮೆ ನೋಡ್ದಂಗೆ ನೋಡ್ತಿಯಲ್ಲೇ" ಎಂದು ಶಾಂತಾ ನಗಾಡಿದಳು. ಆ ನಗುವನ್ನೂ ತಾಯಿ ನಂಬಲಿಲ್ಲ. ಗಾಯ ಕಾಣದ ಕಡೆ ಆಗಿರಬಹುದು. ಅಥವಾ ಗಾಯವೇ ಇಲ್ಲದಿದ್ದರೆ, ಅದು ಇನ್ನೂ ಕೆಟ್ಟದ್ದು. ಹಾಗಾದರೆ ಉಳಿಯುವುದು ಎರಡನೇ ದಿಕ್ಕು.

ಮಗಳನ್ನೇ ನೇರವಾಗಿ ಕೇಳಬಹುದಾಗಿತ್ತು. ಕೇಳಲಿಲ್ಲ. ಕೇಳಿದರೆ ಮುಚ್ಚಿಡುತ್ತಾಳೆ ಎಂದುಕೊಂಡು, ಬೀಗತಿಯ ಮುಖ ನೋಡಿ ತಿಳಿಯೋಣವೆಂದು ಹಿತ್ತಲಿಗೆ ಹೋದಳು. ಕಸ್ತೂರಮ್ಮ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದರು. ತಾನೂ ಒಂದು ಹಿಡಿ ತೆಗೆದುಕೊಂಡು ಕೂತಳು.

"ಬೀಗರೇ, ನಮ್ಮ ಶಾಂತಾ ಹಾಡ್ತಾಳಲ್ರೀ, ಬಾಗ್ಲು ಹಾಕ್ದೋರು, ಮಾತು ಬಿಟ್ಟೋರು ಅಂತ. ಯಾರಿರಬೌದ್ರೀ ಅವ್ರು?"

"ಯಾರೋ, ಹಾಡಲ್ವಾ."

"ಅಂಕಿತ ಇಲ್ಲ ನೋಡ್ರಿ. ದೇವ್ರು ಅನ್ನಾಕೂ ಆಗಲ್ಲ. ಒಂದೊಂದು ಹಾಡೂ 'ನೀನು, ನೀನು' ಅಂತೈತೆ. ಯಾರೋ ಒಬ್ರು ಇರಾಕೇ ಬೇಕಲ್ಲ?"

ಕಸ್ತೂರಮ್ಮನ ಕೈ ನಿಂತಿತು. ಸೊಪ್ಪಿನ ದಂಟು ಬೆರಳ ನಡುವೆಯೇ ಉಳಿಯಿತು. ಸಿಕ್ಕಿತು, ಇವರಿಗೇ ಗೊತ್ತಿದೆ, ತಪ್ಪು ಇವರದೇ ಎಂದುಕೊಂಡಳು ಸರ್ವಮಂಗಳಮ್ಮ.

ಊಟದ ಹೊತ್ತಿಗೆ ತಾನು ಏನು ಮಾಡಿದೆನೆಂದು ಆಕೆಗೆ ತಿಳಿಯತೊಡಗಿತು. ಕಸ್ತೂರಮ್ಮ ಬೆಳಿಗ್ಗೆಯವರೆಗೂ "ನಮ್ಮ ಹಾಡುಗಾರ್ತಿ" ಎಂದು ಕರೆಯುತ್ತಿದ್ದ ಸೊಸೆಯನ್ನು ಈಗ "ಶಾಂತಾ" ಎಂದರು. ಸಾರು ಬಡಿಸುತ್ತಾ, ಏನೋ ನೆನಪಾದವರಂತೆ ಕೇಳಿದರು:

"ಆ ಟೇಪಿನೋನು ಗೋಣೆಪ್ಪ, ಅವ್ನು ದಿನಾ ಬರ್ತಿದ್ನೇನು ಅಲ್ಲಿಗೆ?"

"ಮೂರು ದಿನ ಬಂದಿದ್ರು ಅತ್ತೆ. ಯಾಕೆ?"

"ಸುಮ್ನೆ ಕೇಳ್ದೆ. ವಯಸ್ಸೆಷ್ಟು?"

ಶಾಂತಾ ತಲೆ ಎತ್ತಿ ನೋಡಿದಳು. ಮಹೇಶ್ವರನೂ ತುತ್ತು ಹಿಡಿದ ಕೈಯಲ್ಲೇ ತಾಯಿಯ ಮುಖ ನೋಡಿದ. ಸರ್ವಮಂಗಳಮ್ಮ ಕಲಸಿದ ಅನ್ನವನ್ನು ಬದಿಗೆ ಸರಿಸಿದಳು. ಒಂದು ತಿಂಗಳು ಹಾಡು ಕೇಳಿ ರೊಟ್ಟಿ ಬಡಿದ ಮನೆ ಇದು. ಇಲ್ಲಿ ಯಾರಿಗೂ ಆ ಪ್ರಶ್ನೆ ಹುಟ್ಟಿರಲಿಲ್ಲ. ಚನ್ನಗಿರಿಯಿಂದ ತಂಬಿಟ್ಟಿನ ಜೊತೆಗೆ ತಾನೇ ಅದನ್ನು ಕಟ್ಟಿಕೊಂಡು ಬಂದು ಬಿಚ್ಚಿಟ್ಟಿದ್ದಳು.

ಊಟವಾದ ಮೇಲೆ ಮಹೇಶ್ವರ ಎಂದಿನಂತೆ ಟೇಪು ಹಾಕಿದ. ಕಸ್ತೂರಮ್ಮ ಅವನ ಪಕ್ಕದಲ್ಲಿ ಕೂತು ಏನೋ ಸಣ್ಣಗೆ ಹೇಳಿದರು. ಹಾಡಿನ ನಡುವೆಯೇ ಗುಂಡಿ ಟಕ್ ಎಂದಿತು. ಮನೆ ಇದ್ದಕ್ಕಿದ್ದಂತೆ ದೊಡ್ಡದಾದ ಹಾಗಾಯಿತು.

"ಶಾಂತಾ," ಎಂದ ಮಹೇಶ್ವರ. ನಗುತ್ತಲೇ ಕೇಳಲು ನೋಡಿದ, ಆಗಲಿಲ್ಲ. "ನಾನು ಯಾವತ್ತೂ ಕೇಳೇ ಇಲ್ಲ. ಈ 'ನೀನು' ಅಂದ್ರೆ ಯಾರು?"

"ಯಾರೂ ಇಲ್ಲ."

"ಯಾರೂ ಇಲ್ದೆ ಎಂಟು ಹಾಡಾ?" ಎಂದರು ಕಸ್ತೂರಮ್ಮ.

ಶಾಂತಾ ಕಂಬ ಹಿಡಿದು ನಿಂತಿದ್ದಳು. "ನನಗೆ ನಾನೇ ಅತ್ತೆ. ಒಬ್ಳೇ ಕೂತು ಬಾರಿಸುವಾಗ ನನ್ನ ಜೊತೆ ನಾನೇ ಮಾತಾಡಿದಂಗೆ ಆಗ್ತಿತ್ತು. ಅದನ್ನೇ ಬರ್ದೆ."

"ತನಗೆ ತಾನೇ ಯಾರಾದ್ರೂ 'ನೀನು ಬಾಗ್ಲು ಹಾಕ್ದೆ' ಅಂತಾರೇನವ್ವ?"

ಮಹೇಶ್ವರ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಡಬ್ಬಿಗೆ ಹಾಕದೆ, ಕೈಯಲ್ಲಿ ತಿರುಗಿಸುತ್ತಾ ಕೂತ. ಸಿಟ್ಟು ಮಾಡಿದ್ದರೂ ಚೆನ್ನಾಗಿತ್ತು. ಅವನು ಲೆಕ್ಕ ಹಾಕುತ್ತಿದ್ದ. ಒಂದು ವಾರ, ಶಿವಮೊಗ್ಗ, ಮೂರು ದಿನ. ಸರ್ವಮಂಗಳಮ್ಮನಿಗೆ ಆ ಲೆಕ್ಕದ ಒಂದೊಂದು ಹೆಜ್ಜೆಯೂ ಗೊತ್ತು. ಹದಿನೈದು ದಿನ ಅದೇ ದಾರಿಯಲ್ಲಿ ತಾನೂ ನಡೆದವಳು. ಅದರ ಕೊನೆಗೆ ಏನಿದೆಯೆಂದೂ ಗೊತ್ತು.

"ಅದು ನನಗೆ" ಎಂದಳು.

ಮೂವರೂ ತಿರುಗಿ ನೋಡಿದರು.

"ಆ 'ನೀನು' ನಾನೇ ಅಳಿಯಂದಿರೇ. ನಿನ್ನೆಯಿಂದ ಹೇಳಾಕೆ ನಾಚಿಕೆ ಆಗಿ, ಬೀಗರ ಹತ್ರ ಸುತ್ತಿ ಬಳಸಿ ಕೇಳ್ದೆ. ಗೊತ್ತಾಗೈತೇನೋ ನಿಮಗೆ ಅಂತ."

"ನೀವಾ? ನೀವ್ಯಾವ ಬಾಗ್ಲು ಹಾಕಿದ್ರಿ?" ಎಂದ ಮಹೇಶ್ವರ.

ಏನು ಹೇಳಬೇಕೆಂದು ಆಕೆ ಯೋಚಿಸಿರಲಿಲ್ಲ. ಒಂದು ಸುಳ್ಳು ಹುಡುಕಲು ಮನಸ್ಸಿನೊಳಗೆ ಕೈ ಹಾಕಿದಳು, ಅಲ್ಲಿ ಬೇರೇನೋ ಸಿಕ್ಕಿತು. ಹನ್ನೆರಡು ವರ್ಷದಿಂದ ಆ ವಿಷಯ ತಲೆಗೆ ಬಂದಿರಲಿಲ್ಲ. ಅಥವಾ ಬಂದಾಗಲೆಲ್ಲ ಹಾಲು ಉಕ್ಕುತ್ತದೆ ಎಂದು ಎದ್ದು ಹೋಗಿದ್ದಳೋ ಏನೋ.

"ಇವ್ಳಿಗೆ ಹದಿಮೂರು. ನಮ್ಮ ಬೀದಿಯಾಗೆ ಕೊಟ್ರಬಸಪ್ಪ ಅಂತ ನಾಟಕದ ಮೇಷ್ಟ್ರು ಇದ್ರು. ಅವ್ರ ಮನೆಯಾಗೆ ಕಾಲಿನ ಹಾರ್ಮೋನಿಯಂ ಇತ್ತು. ಇವ್ಳು ದಿನಾ ಹೋಗಿ ಬಾರಿಸ್ತಿದ್ಲು. ಚೆನ್ನಾಗೇ ಬಾರಿಸ್ತಿದ್ಲು ಅಂತಾರೆ, ನಾನು ಕೇಳ್ಲಿಲ್ಲ. ದೊಡ್ಡೋಳಾದ್ಲು ನೋಡ್ರಿ. ನಾಟಕದೋರ ಮನೆಗೆ ಹೋಗೋ ಹುಡ್ಗೀನ ಯಾರು ಮಾಡ್ಕೊಂತಾರೆ ಅಂತ ನನಗೆ ಭಯ. ಒಂದಿನ ಎಳ್ಕೊಂಡು ಬಂದು ಕೋಣೆಯಾಗೆ ಹಾಕಿ ಹೊರಗಿಂದ ಅಗಳಿ ಹಾಕ್ದೆ."

"ಅಮ್ಮಾ" ಎಂದಳು ಶಾಂತಾ.

"ಇರು. ಇವ್ರಪ್ಪ ಊರಾಗೆ ಇರ್ಲಿಲ್ಲ. ಸಂಜೆ ಬಾಗ್ಲು ತೆಗ್ದೆ, ಊಟಕ್ಕೆ ಇಟ್ಟೆ. ಉಣ್ಣಲಿಲ್ಲ. ಎರಡು ದಿನ ಉಣ್ಣಲಿಲ್ಲ. ನಾನೂ ಮಾತಾಡಿಸ್ಲಿಲ್ಲ. ಮಾತಾಡಿಸಿದ್ರೆ ಸೋತಂಗೆ ಆಗ್ತೈತೆ ಅಂತ. ಬಿಸಿ ಅನ್ನ ಮುಂದಿಟ್ಕೊಂಡು ಇಬ್ರೂ ಎದುರುಬದುರು..."

ಆಕೆ ನಿಲ್ಲಿಸಿದಳು. ಅನ್ನ ಬೆಂದಿತ್ತು, ಎಲೆ ಹಾಕಿತ್ತು. ಮಗಳನ್ನು ಉಳಿಸಲು ಹೇಳಲು ಹೊರಟ ಮಾತು ಕ್ಯಾಲೆಂಡರಿನ ಹಿಂದೆ ತಾನೇ ಬರೆದುಕೊಂಡ ಸಾಲಿಗೆ ಹೋಗಿ ತಗುಲಿತ್ತು.

"ಆಮೇಲೆ ಬೆರಳು ಸುಮ್ನಿರ್ತಿರ್ಲಿಲ್ಲ ಇವ್ಳವು," ಎಂದು ಮೆಲ್ಲಗೆ ಮುಂದುವರಿಸಿದಳು. "ಮಣೆ ಮ್ಯಾಲೆ, ಮೊರದ ಮ್ಯಾಲೆ ಆಡ್ತಿದ್ವು. ನಾನು ನೋಡಿದಾಗೆಲ್ಲ ಮಡಚಿಕೊಂತಿದ್ಲು."

ಮೊದಲು ನಕ್ಕವರು ಕಸ್ತೂರಮ್ಮ. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು.

"ಅಯ್ಯೋ ಬೀಗರೇ, ಇಷ್ಟಕ್ಕೇನಾ! ನಾನು ಏನೇನೋ ತಲೆಯಾಗೆ ತುಂಬ್ಕೊಂಡು ಪಾಪ ಆ ಗೋಣೆಪ್ಪನ ವಯಸ್ಸು ಕೇಳ್ದೆ. ಮಕ್ಳಿಗೆ ನಾವು ಬಾಗ್ಲು ಹಾಕ್ದೆ ಮತ್ಯಾರು ಹಾಕ್ತಾರೆ? ಈ ಮಹೇಶನ್ನ ನಾನು ಕಣಜದೊಳಗೆ ಹಾಕಿದ್ದೆ, ಇವ್ನಿಗೆ ಒಂದು ಹಾಡೂ ಬರ್ಲಿಲ್ಲ!"

ಮಹೇಶ್ವರ ಎದ್ದು ಹೆಂಡತಿಯ ಕಡೆ ನೋಡಿದ. ಕ್ಯಾಸೆಟ್ಟನ್ನು ಮತ್ತೆ ಒಳಗೆ ಹಾಕಿ ಗುಂಡಿ ಒತ್ತಿದ. ನಿಲ್ಲಿಸಿದ್ದ ಪದದಿಂದಲೇ ಶಾಂತಾ ಹಾಡತೊಡಗಿದಳು. ಕಂಬದ ಬಳಿಯಿದ್ದ ಶಾಂತಾ ಮಾತ್ರ ತಾಯಿಯನ್ನೇ ನೋಡುತ್ತಿದ್ದಳು.

ಸಂಜೆ ಬಾವಿಕಟ್ಟೆಯ ಹತ್ತಿರ ಇಬ್ಬರೇ ಇದ್ದರು. ಶಾಂತಾ ಪಾತ್ರೆ ತಿಕ್ಕುತ್ತಿದ್ದಳು, ತಾಯಿ ತೊಳೆದು ಬುಟ್ಟಿಗೆ ಬೋರಲು ಹಾಕುತ್ತಿದ್ದಳು. ಮನೆ ಉಳಿದಿತ್ತು. ಒಳಗಿನಿಂದ ಕಸ್ತೂರಮ್ಮ ಮಗನನ್ನು ಬೈಯುವ ಸದ್ದು ಮೊದಲಿನ ಹಾಗೆಯೇ ಬರುತ್ತಿತ್ತು. ಆದರೆ ಸರ್ವಮಂಗಳಮ್ಮನ ಕೈ ಸರಾಗವಾಗಿ ಓಡುತ್ತಿರಲಿಲ್ಲ.

"ಮಧ್ಯಾಹ್ನ ನಾನು ಹೇಳಿದ್ದು," ಎಂದಳು. "ನಿನ್ನ ಉಳಿಸಾಕೆ ಹೇಳಿದ್ದು. ಸುಳ್ಳು ತಾನೆ?"

"ಅಗಳಿ ಹಾಕಿದ್ದು ಸುಳ್ಳಾ?"

"ಅದಲ್ಲ. ಹಾಡು. ಯಾರಿಗೆ ಅಂತ ಬರ್ದೆ, ನಿಜ ಹೇಳು. ನಾನು ಯಾರಿಗೂ ಹೇಳಲ್ಲ."

ಶಾಂತಾ ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಬೂದಿಗೆ ಅದ್ದಿದಳು.

"ಬರೆಯುವಾಗ ನನಗೆ ನಾನೇ ಅನ್ಕೊಂಡಿದ್ದೆ ಅಮ್ಮ. ದೇವ್ರಾಣೆ. ಕೊಟ್ರಬಸಪ್ಪ ಮೇಷ್ಟ್ರು, ಆ ಕೋಣೆ, ಏನೂ ನೆನಪಿಗೆ ಬಂದಿರ್ಲಿಲ್ಲ. ನೀನು ಮಧ್ಯಾಹ್ನ ಹೇಳ್ತಾ ಹೋದೆ ನೋಡು, ಒಂದೊಂದಾಗಿ ಬಂದು ಕೂತ್ಕೊಂತು. ಈಗ ನನಗೂ ಅನುಮಾನ ಶುರುವಾಗೈತೆ."

"ಹಂಗಾದ್ರೆ ನನ್ನ ಮ್ಯಾಲೆ ಸಿಟ್ಟೈತೇನು ನಿಂಗೆ?"

"ಗೊತ್ತಿಲ್ಲ." ಶಾಂತಾ ಸುಳ್ಳು ಹೇಳುತ್ತಿರಲಿಲ್ಲ, ಹಾಗೆ ಹೇಳುವಾಗ ಅವಳ ಮುಖ ಚಿಕ್ಕ ಹುಡುಗಿಯದಾಗಿತ್ತು. "ಇನ್ನೊಂದು ಕ್ಯಾಸೆಟ್ಟಿಗೆ ಬರೀಬೇಕು ಅಂತ ಇದ್ದೆ. ಬರೆದ್ರೆ ಗೊತ್ತಾಗ್ತೈತೇನೋ. ಈಗ ಬರೀಲೋ ಬ್ಯಾಡ್ವೋ ಅಂತ ಭಯ."

ಬೇಡ ಎಂದರೆ ಮಗಳು ಕೇಳುತ್ತಾಳೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಹದಿಮೂರರಲ್ಲಿ ಕೇಳಿದ ಹಾಗೆಯೇ, ಬೆರಳು ಮಡಚಿಕೊಂಡು, ಕೇಳುತ್ತಾಳೆ. ಬರೆದರೆ, ಯಾವ ಊರಿನಲ್ಲಿ ಯಾರು ಟೇಪು ಹಾಕಿ, ಬಾಗಿಲು ಹಾಕಿದ ತಾಯಿ ಯಾರೆಂದು ಕೇಳುವರೋ. ಅಕ್ಕನ ಬಳಗದಲ್ಲಿ ಕೆಂಪಕ್ಕ ಕಣ್ಣು ಮುಚ್ಚಿ ಕೂತು ಏನನ್ನು ಹೆಕ್ಕಿ ತೆಗೆಯುವಳೋ.

ಕೊನೆಯ ತಟ್ಟೆಯನ್ನು ತೊಳೆದಳು. ನೀರೆಲ್ಲ ಸೋರಿಹೋಗುವವರೆಗೂ ಅದನ್ನು ಎತ್ತಿ ಹಿಡಿದಿದ್ದಳು.

"ಬರಿ" ಎಂದಳು.

ಹೇಳಿ, ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ನೀರಿಗೆ ಅದ್ದಿದಳು.